ಗೌಜ್ ಒಡೆಯುತ್ತಿರುವುದು ಮಳೆಯಿಂದಲ್ಲ, ನಿಮ್ಮ ಕತ್ತಿಯಿಂದ

ಪ್ರಶ್ನೆ: ನಾನು ಮೂಡಿಗೆರೆ ಕಡೆಯವನು. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ ರೋಗ್ ಅನ್ನುವ, ಕದ್ದು ಹೊಡೆಯುವ ಪಾತ್ರ ಆಡುತ್ತೇನೆ. ಕೂಡಿಟ್ಟ ಗೋಲ್ಡ್ ಎಲ್ಲ ಸುರಿದು, ಆಟದೊಳಗಿನ ಹರಾಜುಕಟ್ಟೆ ಆಕ್ಷನ್ ಹೌಸ್‌ನಲ್ಲಿ ಹೊಸ ಕತ್ತಿ ಕೊಂಡೆ. ಹೊಡೆದಾಗ ಆಗಾಗ ತಾನಾಗಿಯೇ ಎದುರಾಳಿಗೆ ವಿಷ ಏರಿಸುತ್ತೆ. ಇನ್ನೊಂದು ಕೈಯ ಕತ್ತಿಗೆ ಡೆಡ್ಲಿ ಪಾಯ್ಸನ್ ಹಚ್ಚಿದ್ದೇನೆ. ಆಮೇಲಿಂದ ಎದುರಾಳಿಯನ್ನು ನಿಲ್ಲಿಸುವ ಕೌಶಲಗಳಾದ ಗೌಜ್, ಬ್ಲೈಂಡ್ ಯಾವುದೂ ಪೂರ್ತಿ ನಿಲ್ಲುತ್ತಿಲ್ಲ. ಒಮ್ಮೊಮ್ಮೆ ಹಾಕಿದ ತಕ್ಷಣ ಒಡೆಯುತ್ತೆ, ಒಮ್ಮೊಮ್ಮೆ ಸ್ವಲ್ಪ ಹೊತ್ತು ಇರುತ್ತೆ. ಆದರೆ ಕಿಡ್ನಿ ಶಾಟ್ ಮಾತ್ರ ಸರಿಯಾಗಿ ನಿಲ್ಲುತ್ತೆ. ರಜೆಗೆ ಊರಿಗೆ ಹೋದಾಗ ಮಳೆಗೆ ನೆಟ್‌ವರ್ಕ್ ಹಾಳು, ಅದಕ್ಕೇ ಹೀಗೆ ಅಂದುಕೊಂಡೆ. ಹಾಸನಕ್ಕೆ ಬಂದ ಮೇಲೂ ಅದೇ ಕತೆ. ನನ್ನ ರೂಮ್‌ಮೇಟ್ ಪ್ರಾಣಿರೂಪ ತಾಳುವ ಡ್ರೂಯಿಡ್ ಆಡುತ್ತಾನೆ, ಬೆಕ್ಕಾದಾಗ ಅವನ ಆಯುಧದ ಎಫೆಕ್ಟ್ ಒಂದೂ ಬರಲ್ಲ. ಇನ್ನೊಬ್ಬ ಗೆಳೆಯ ಡಯಾಬ್ಲೊ 2ರಲ್ಲಿ ನೆಕ್ರೊಮ್ಯಾನ್ಸರ್ (ಹೆಣ ಎಬ್ಬಿಸಿ ಕಾದಾಡುವ ಮಾಂತ್ರಿಕ), ಅವನಿಗೆ ಎಬ್ಬಿಸಲು ಹೆಣಗಳೇ ಸಿಗಲ್ಲ ಅಂತಾನೆ. ಇವೆಲ್ಲ ಬಗ್‌ಗಳಾ? ಕತ್ತಿ ಕೊಂಡು ಕೆಟ್ಟೆನಾ?

ಉತ್ತರ: ಬಗ್ ಅಲ್ಲ. ಮೂರೂ, ಆಟ ಬರೆದವರು ಬರೆದ ಹಾಗೆಯೇ ನಡೆಯುತ್ತಿವೆ. ಮಳೆಯನ್ನು ಸದ್ಯಕ್ಕೆ ಬಿಡೋಣ, ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ: ಕಿಡ್ನಿ ಶಾಟ್ ನಿಲ್ಲುತ್ತೆ, ಗೌಜ್ ನಿಲ್ಲಲ್ಲ. ನೆಟ್‌ವರ್ಕ್ ಕೆಟ್ಟಿದ್ದರೆ ಅದು ಎರಡಕ್ಕೂ ಒಂದೇ ಥರ ಕಾಟ ಕೊಡಬೇಕಿತ್ತಲ್ಲ.

ಎದುರಾಳಿಯನ್ನು ನಿಲ್ಲಿಸುವ ಕೌಶಲಗಳು ರೋಗ್ ಹತ್ತಿರ ಎರಡು ಜಾತಿಯವು. ಕಿಡ್ನಿ ಶಾಟ್, ಚೀಪ್ ಶಾಟ್ ಅಪ್ಪಟ ಸ್ಟನ್. ಎದುರಾಳಿ ನಿಂತಲ್ಲೇ ನಿಲ್ಲುತ್ತಾನೆ, ನೀವು ಎಷ್ಟು ಬೇಕಾದರೂ ಬಡಿಯಬಹುದು, ಅವಧಿ ಮುಗಿಯುವವರೆಗೆ ಒಡೆಯೋದಿಲ್ಲ. ಗೌಜ್, ಬ್ಲೈಂಡ್, ಸ್ಯಾಪ್ ಹಾಗಲ್ಲ. ಇವು ಎದುರಾಳಿಯನ್ನು ಮಂಕು ಮಾಡಿ ನಿಲ್ಲಿಸುತ್ತವೆ, ಆದರೆ ಅವನ ಮೈಗೆ ಎಳ್ಳಷ್ಟು ಹಾನಿ ತಗುಲಿದರೂ ಸಾಕು, ಎಚ್ಚರ. ಹಾನಿ ಎಷ್ಟು ಅನ್ನೋದು ಲೆಕ್ಕಕ್ಕಿಲ್ಲ, ಒಂದು ಪಾಯಿಂಟ್ ಆದರೂ ಒಡೆಯುತ್ತೆ. ಗೌಜ್‌ನ ಬಟನ್ ಮೇಲೆ ಮೌಸ್ ಇಟ್ಟಾಗ ಕಾಣುವ ವಿವರ (ಟೂಲ್‌ಟಿಪ್) ಓದಿ, ಅಲ್ಲಿ ಇದನ್ನೇ ಹೇಳಿದೆ. ಅದೇ ಟೂಲ್‌ಟಿಪ್‌ನಲ್ಲಿ ಇನ್ನೊಂದು ಮಾತೂ ಇದೆ, ಬಹಳ ಜನ ಗಮನಿಸೋದಿಲ್ಲ: ಗೌಜ್ ಹಾಕಿದ ಕೂಡಲೇ ನಿಮ್ಮ ಆಟೋ ಅಟ್ಯಾಕ್ ನಿಂತುಹೋಗುತ್ತೆ. ಯಾಕೆ? ನಿಮ್ಮದೇ ಮುಂದಿನ ಏಟು ನಿಮ್ಮದೇ ಗೌಜ್ ಅನ್ನು ಒಡೆಯಬಾರದು ಅಂತ. ಅಂದರೆ ಆಯುಧಕ್ಕೂ ಕೌಶಲಕ್ಕೂ ಜಗಳ ಇದೆ ಅನ್ನೋದು ಆಟ ಬರೆದವರಿಗೆ ಮೊದಲಿನಿಂದಲೇ ಗೊತ್ತು. ಬೀಸುತ್ತಿದ್ದ ಕೈಯನ್ನು ಅವರು ತಡೆದರು. ಆಗಲೇ ಎದುರಾಳಿಯ ರಕ್ತಕ್ಕೆ ಸೇರಿದ ವಿಷವನ್ನು ತಡೆಯಲಿಲ್ಲ.

ಈಗ ವಿಷದ ಗಡಿಯಾರ ನೋಡಿ. ಡೆಡ್ಲಿ ಪಾಯ್ಸನ್ ಒಮ್ಮೆ ಹತ್ತಿದರೆ 12 ಸೆಕೆಂಡು ಇರುತ್ತೆ, 3 ಸೆಕೆಂಡಿಗೊಮ್ಮೆ ಟಿಕ್ ಆಗಿ ಹಾನಿ ಮಾಡುತ್ತೆ. ಗೌಜ್ 4 ಸೆಕೆಂಡಿನದು. ವಿಷ ಆಗಷ್ಟೇ ಹತ್ತಿದ್ದರೆ ನೀವು ಯಾವ ಗಳಿಗೆಯಲ್ಲಿ ಗೌಜ್ ಒತ್ತಿದರೂ ಮುಂದಿನ ಟಿಕ್ 3 ಸೆಕೆಂಡಿಗಿಂತ ದೂರ ಇರಲು ಸಾಧ್ಯವೇ ಇಲ್ಲ. ಹಾಗಾಗಿ 4 ಸೆಕೆಂಡಿನ ಗೌಜ್ ಪೂರ್ತಿ ಆಗುವ ಮಾತೇ ಬರೋದಿಲ್ಲ. ಟಿಕ್ ಆದ ಮರುಕ್ಷಣ ಒತ್ತಿದ್ದರೆ ಹೆಚ್ಚುಕಮ್ಮಿ 3 ಸೆಕೆಂಡು ಸಿಗುತ್ತೆ. ಟಿಕ್‌ಗೆ ಸ್ವಲ್ಪ ಮುಂಚೆ ಒತ್ತಿದ್ದರೆ ಅರ್ಧ ಸೆಕೆಂಡೂ ಸಿಗಲ್ಲ. ನೀವು ಬರೆದ 'ಒಮ್ಮೊಮ್ಮೆ ತಕ್ಷಣ, ಒಮ್ಮೊಮ್ಮೆ ಸ್ವಲ್ಪ ಹೊತ್ತು' ಅನ್ನೋದರ ಗುಟ್ಟು ಇಷ್ಟೇ. ಅದನ್ನೇ ನೀವು ಲ್ಯಾಗ್, ಅಂದರೆ ನೆಟ್‌ವರ್ಕ್ ತಡ ಅಂತ ಓದಿಕೊಂಡಿರಿ. ಇದರ ಮೇಲೆ ಹೊಸ ಕತ್ತಿಯ ವಿಷ ಬೇರೆ, ಅದಕ್ಕೆ ಅದರದೇ ಗಡಿಯಾರ. ಎರಡು ವಿಷ ಒಟ್ಟಿಗೆ ಓಡುತ್ತಿದ್ದರೆ ಟಿಕ್‌ಗಳ ನಡುವಿನ ಬಿಡುವು ಇನ್ನೂ ಕಮ್ಮಿ. ಹೇಮಾವತಿ ಹಿನ್ನೀರಿನ ದಡದಲ್ಲಿ ಒಬ್ಬ ಗಾಳ ಹಾಕಿ ಕೂತಿರುವಾಗ ಜೊತೆಗೆ ಬಂದವನು ಪಕ್ಕದಲ್ಲೇ ನೀರಿಗೆ ಕಲ್ಲು ಎಸೆಯುತ್ತಾ ಕೂತರೆ ಹೇಗೋ, ನಿಮ್ಮ ಎರಡು ಕೈಗಳ ಸಂಬಂಧ ಈಗ ಹಾಗಿದೆ.

ನಷ್ಟ ಎಷ್ಟು ಅಂತ ಲೆಕ್ಕ ಹಾಕಿದರೆ ಇನ್ನೂ ಬೇಜಾರಾಗುತ್ತೆ. ಗೌಜ್‌ಗೆ 45 ಎನರ್ಜಿ ಖರ್ಚು. ರೋಗ್‌ಗೆ 2 ಸೆಕೆಂಡಿಗೊಮ್ಮೆ 20 ಎನರ್ಜಿ ವಾಪಸ್ ಬರುತ್ತೆ. ಗೌಜ್ ಪೂರ್ತಿ 4 ಸೆಕೆಂಡು ನಿಂತರೆ 40 ವಾಪಸ್, ಎದುರಾಳಿ ಒಂದೇಟೂ ಹೊಡೆದಿಲ್ಲ, ನಿಮ್ಮ ಕೈಗೆ ಹೆಚ್ಚುಕಮ್ಮಿ ಪುಕ್ಕಟೆ ಬಿಡುವು. ಒಂದೂವರೆ ಸೆಕೆಂಡಿಗೇ ಒಡೆದರೆ ಹೆಚ್ಚೆಂದರೆ 20 ವಾಪಸ್, ಅದೂ ಅದೃಷ್ಟ ಇದ್ದರೆ. ಉಳಿದ 25 ಹೋಯಿತು. ಬ್ಲೈಂಡ್ ಕತೆ ಇದಕ್ಕಿಂತ ಕೆಟ್ಟದ್ದು. 10 ಸೆಕೆಂಡಿನ ಆ ಕೌಶಲಕ್ಕೆ ಕ್ಲಾಸಿಕ್‌ನಲ್ಲಿ 5 ನಿಮಿಷದ ಕೂಲ್‌ಡೌನ್ (ಮತ್ತೆ ಒತ್ತಲು ಕಾಯುವ ಹೊತ್ತು), ಜೊತೆಗೆ ಪ್ರತಿ ಸಲ ಒಂದು ಬ್ಲೈಂಡಿಂಗ್ ಪೌಡರ್ ಖರ್ಚು. ಅದನ್ನು ವಿಷ ಹತ್ತಿದ ಎದುರಾಳಿಯ ಮೇಲೆ ಎರಚಿ, ಮುಂದಿನ ಟಿಕ್‌ಗೆ ಅವನು ಕಣ್ಣುಜ್ಜಿಕೊಂಡು ಎದ್ದು ಬಂದರೆ ಕೀಬೋರ್ಡ್ ಎತ್ತಿ ಒಗೆಯೋಣ ಅನ್ನಿಸೋದು ಸಹಜ.

ಮಳೆಯ ವಿಷಯ. ಆಷಾಢದಲ್ಲಿ ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆ ಕೂತು ಆನ್‌ಲೈನ್ ಆಟ ಆಡುವವರ ಕಷ್ಟ ನನಗೆ ಹೊಸದಲ್ಲ. ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತೆ. ಆದರೆ ಲ್ಯಾಗ್‌ನ ಲಕ್ಷಣವೇ ಬೇರೆ. ಲ್ಯಾಗ್ ಇದ್ದಾಗ ಎಲ್ಲ ಬಟನ್ನೂ ತಡ: ಸಿನಿಸ್ಟರ್ ಸ್ಟ್ರೈಕ್ ತಡ, ಔಷಧ ಕುಡಿಯೋದು ತಡ, ಲೂಟ್ ಕಿಟಕಿ ತೆರೆಯೋದೂ ತಡ. ಪರದೆಯ ಕೆಳಗಿನ ಮೆನು ಸಾಲಿನಲ್ಲಿ ಮೌಸ್ ಇಟ್ಟರೆ ಎಷ್ಟು ಮಿಲಿಸೆಕೆಂಡು ಅಂತ ಆಟವೇ ತೋರಿಸುತ್ತೆ. ಸಂಖ್ಯೆ ಸ್ಥಿರವಾಗಿದ್ದೂ ಗೌಜ್ ಮಾತ್ರ ಒಡೆಯುತ್ತಿದ್ದರೆ ಟವರನ್ನು ಬೈದು ಪ್ರಯೋಜನವಿಲ್ಲ. ನಂಬಿಕೆ ಬರದಿದ್ದರೆ ಚಾಟ್ ಕಿಟಕಿಯ ಕಾಂಬ್ಯಾಟ್ ಲಾಗ್ ಟ್ಯಾಬ್ ತೆರೆದಿಟ್ಟುಕೊಂಡು ಆಡಿ. ಗೌಜ್ ಹತ್ತಿದ ಸಾಲು, ಅದರ ಕೆಳಗೆ ಡೆಡ್ಲಿ ಪಾಯ್ಸನ್ ಇಷ್ಟು ಹಾನಿ ಮಾಡಿತು ಅನ್ನುವ ಸಾಲು, ಅದಕ್ಕೆ ಅಂಟಿಕೊಂಡೇ ಗೌಜ್ ಕಳಚಿದ ಸಾಲು. ಮೂರು ಸಾಲು ಒಂದರ ಕೆಳಗೊಂದು ಕಂಡ ಮೇಲೆ ವಾದಕ್ಕೆ ಜಾಗ ಉಳಿಯೋದಿಲ್ಲ.

ಹಾಗಾದರೆ ವಿಷವೇ ಬೇಡವೇ? ಬೇಕು, ಯಾವ ವಿಷ ಅನ್ನೋದು ಪ್ರಶ್ನೆ. ಕ್ರಿಪ್ಲಿಂಗ್ ಪಾಯ್ಸನ್ ಹಾನಿಯನ್ನೇ ಮಾಡೋದಿಲ್ಲ, ಎದುರಾಳಿಯ ಓಟವನ್ನು ಕುಗ್ಗಿಸುತ್ತೆ ಅಷ್ಟೆ. ಅದು ಮೈಮೇಲಿದ್ದರೂ ಗೌಜ್ ಗಟ್ಟಿಯಾಗಿ ನಿಲ್ಲುತ್ತೆ. ಇನ್‌ಸ್ಟಂಟ್ ಪಾಯ್ಸನ್ ಹೆಸರೇ ಹೇಳುವ ಹಾಗೆ ಏಟಿನ ಜೊತೆಗೇ ತನ್ನ ಹಾನಿ ಮುಗಿಸಿ ಹೋಗುತ್ತೆ, ಹಿಂದೆ ಏನೂ ಬಿಡೋದಿಲ್ಲ. ಆಟಗಾರರ ಎದುರು ಕಾದಾಡುವ ಹಳೆಯ ರೋಗ್‌ಗಳು ಕ್ರಿಪ್ಲಿಂಗ್ ಹಚ್ಚಿಕೊಂಡು ಓಡಾಡುವುದು ಇದೇ ಕಾರಣಕ್ಕೆ. ಎಫೆಕ್ಟ್ ಇರುವ ಆಯುಧಗಳಿಗೂ ಇದೇ ಅಳತೆಗೋಲು. ಹೊಡೆದಾಗ ಬೆಂಕಿ ಹಾರಿಸಿ ಅಲ್ಲಿಗೆ ಮುಗಿಸುವ ಆಯುಧದಿಂದ ನಿಮಗೆ ತೊಂದರೆ ಇಲ್ಲ. ಆಯುಧಕ್ಕೆ ಹಾಕಿಸುವ ಮಂತ್ರ, ಫಿಯರಿ ವೆಪನ್ ಎನ್‌ಚಾಂಟ್ 40 ಹಾನಿ ಮಾಡಿ ಸುಮ್ಮನಾಗುತ್ತೆ. ಹೊಡೆದ ಮೇಲೂ ಸೆಕೆಂಡುಗಟ್ಟಲೆ ಸುಡುವ, ರಕ್ತ ಸುರಿಸುವ, ವಿಷ ಏರಿಸುವ ಆಯುಧವೇ ಗೌಜ್‌ನ ಶತ್ರು. ನಿಮ್ಮದು ಈ ಎರಡನೇ ಗುಂಪಿನದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗೇಮಿಂಗ್ ಸೆಂಟರ್‌ಗಳಲ್ಲಿ ಹುಡುಗರ ಮಾತು ಕೇಳಿದರೆ, ಆಯುಧದ ಎಫೆಕ್ಟ್ ಅಂದರೆ ಮೇಲೆ ಸಿಕ್ಕ ಬೋನಸ್ಸು, ಬಂದಷ್ಟು ಲಾಭ ಅನ್ನುವ ಧಾಟಿಯೇ ಜಾಸ್ತಿ. ನಾನು ಒಪ್ಪೋದಿಲ್ಲ. ಕೌಶಲದ ಬಟನ್ ನಿಮ್ಮ ಬೆರಳಿನ ಮಾತು ಕೇಳುತ್ತೆ. ಆಟಗಾರರು ಪ್ರಾಕ್ ಅನ್ನುವ ಈ ಎಫೆಕ್ಟ್ ಯಾರ ಮಾತೂ ಕೇಳೋದಿಲ್ಲ, ಪ್ರತಿ ಏಟಿಗೂ ಆಟ ಒಳಗೊಳಗೆ ಒಂದು ದಾಳ ಉರುಳಿಸುತ್ತೆ, ಬಿದ್ದರೆ ಬಿತ್ತು. ಎಷ್ಟು ಸಲ ಬೀಳಬೇಕು ಅನ್ನೋದಕ್ಕೂ ಎರಡು ಪದ್ಧತಿ ಇದೆ. ಡೆಡ್ಲಿ ಪಾಯ್ಸನ್‌ನದು ನೇರ ಶೇಕಡಾವಾರು: ತಗುಲಿದ ಪ್ರತಿ ಏಟಿಗೂ 30 ಶೇಕಡಾ. ಹಾಗಾಗಿ ಬೇಗ ಬೇಗ ಬೀಸುವ ಆಯುಧಕ್ಕೆ ಹಚ್ಚಿದರೆ ಹೆಚ್ಚು ವಿಷ. ಇನ್ನು ಕೆಲವಕ್ಕೆ ನಿಮಿಷಕ್ಕೆ ಇಷ್ಟು ಸಲ ಅನ್ನುವ ಲೆಕ್ಕ, ಕ್ರುಸೇಡರ್ ಎನ್‌ಚಾಂಟ್ ಇದಕ್ಕೆ ಉದಾಹರಣೆ. ನಿಮಿಷಕ್ಕೆ ಒಂದು ಸಲ ಅಂತಿದ್ದರೆ 1.8 ಸೆಕೆಂಡಿನ ಆಯುಧಕ್ಕೆ ಏಟಿಗೆ 3 ಶೇಕಡಾ, 3.6 ಸೆಕೆಂಡಿನ ದೊಡ್ಡ ಕೊಡಲಿಗೆ 6 ಶೇಕಡಾ. ನಿಮಿಷದ ಕೊನೆಗೆ ಎರಡೂ ಹೆಚ್ಚುಕಮ್ಮಿ ಅಷ್ಟೇ. ಯಾವ ಪದ್ಧತಿಯಾದರೂ ಸರಿ, ಅದು ಯಾವಾಗ ಬೀಳುತ್ತೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಹೊತ್ತು ನೋಡಿ ಒತ್ತಬೇಕಾದ ಕೌಶಲವನ್ನು ನೆಚ್ಚಿಕೊಂಡವನು ಹೊತ್ತುಗೊತ್ತಿಲ್ಲದ ಎಫೆಕ್ಟನ್ನು ಕೈಯಲ್ಲಿ ಹಿಡಿದರೆ ಜಗಳ ಖಚಿತ. ಆದ್ದರಿಂದ ಮೊದಲು ಕೌಶಲ ಏನು ಕೇಳುತ್ತೆ ಅಂತ ನೋಡಿ, ಆಮೇಲೆ ಆಯುಧ ಆರಿಸಿ. ನಮ್ಮಲ್ಲಿ ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಯಾಕೆಂದರೆ ಆಕ್ಷನ್ ಹೌಸ್‌ನಲ್ಲಿ ಕಣ್ಣಿಗೆ ಬೀಳೋದು ಆಯುಧದ ಹೊಳಪು.

ಈಗ ರೂಮ್‌ಮೇಟ್‌ನ ಬೆಕ್ಕು. ಕ್ಲಾಸಿಕ್‌ನಲ್ಲಿ ಡ್ರೂಯಿಡ್ ಬೆಕ್ಕಾದ ಮೇಲೆ ಹೊಡೆಯೋದು ಪಂಜದಿಂದ, ಕೈಯಲ್ಲಿದ್ದ ಆಯುಧದಿಂದಲ್ಲ. ಬೆಕ್ಕಿನ ಏಟಿನ ವೇಗ ಯಾವ ಆಯುಧ ಹಿಡಿದರೂ 1 ಸೆಕೆಂಡು, ಕರಡಿಯದು 2.5. ಆಯುಧದ ಹಾನಿ ಲೆಕ್ಕಕ್ಕಿಲ್ಲ, ಹೊಡೆದಾಗ ಬೀಳುವ ಪ್ರಾಕ್‌ಗಳೂ ಇಲ್ಲ. ಆಯುಧದ ಮೇಲೆ ಬರೆದ ಸ್ಟ್ರೆಂತ್, ಅಜಿಲಿಟಿಯಂಥ ಗುಣಗಳು ಮಾತ್ರ ಮೈಗೆ ಸೇರುತ್ತವೆ. ಹಾಗಾಗಿ ಅವನು ಎಫೆಕ್ಟ್ ನೋಡಿ ಆಯುಧ ಕೊಳ್ಳೋದು ದುಡ್ಡು ದಂಡ. ಇದರಲ್ಲೊಂದು ತಮಾಷೆ ಇದೆ. ತಾನಾಗಿ ಬೀಳುವ ಎಫೆಕ್ಟ್ ಬೆಕ್ಕಿಗೆ ದಕ್ಕದಿದ್ದರೂ, ಬಟನ್ ಒತ್ತಿ ಬಳಸುವ ಎಫೆಕ್ಟ್ ದಕ್ಕುತ್ತೆ. ನೋಮರೆಗನ್ ಡಂಜನ್‌ನಲ್ಲಿ ಸಿಗುವ ಮ್ಯಾನ್ಯುಯಲ್ ಕ್ರೌಡ್ ಪಮ್ಮೆಲರ್ ಅನ್ನುವ ಸುತ್ತಿಗೆ ಒತ್ತಿದರೆ 30 ಸೆಕೆಂಡು ಏಟಿನ ವೇಗ 50 ಶೇಕಡಾ ಏರುತ್ತೆ, ಬೆಕ್ಕಿಗೂ. ಅದಕ್ಕೆ ಮೂರೇ ಸಲದ ಆಯುಷ್ಯ. ಅದಕ್ಕಾಗಿ ಅರವತ್ತನೇ ಲೆವೆಲ್‌ನ ಡ್ರೂಯಿಡ್‌ಗಳು ಸಣ್ಣ ಮಕ್ಕಳ ಆ ಡಂಜನ್‌ಗೆ ಮತ್ತೆ ಮತ್ತೆ ನುಗ್ಗಿ ಸುತ್ತಿಗೆಗಳನ್ನು ಚೀಲ ತುಂಬಿಸಿಕೊಂಡು, ದೊಡ್ಡ ತಂಡದ ಕಾಳಗವಾದ ರೇಡ್‌ಗೆ ಬರುತ್ತಾರೆ. ಹೊಳೆಯುವ ಆಯುಧಗಳನ್ನು ಬ್ಯಾಂಕಿನಲ್ಲಿಟ್ಟು ಸೋವಿ ಸುತ್ತಿಗೆ ಹಿಡಿದು ನಿಂತವನನ್ನು ನೋಡಿ ನಗಬೇಡಿ, ಅವನು ಟೂಲ್‌ಟಿಪ್ ಓದಿದವನು.

ರೇಡ್ ಅಂದ ಮೇಲೆ ನಿಮಗೂ ಒಂದು ಎಚ್ಚರಿಕೆ. ಮೂಲ ಆಟದಲ್ಲಿ ಒಬ್ಬ ಬಾಸ್‌ನ ಮೈಮೇಲೆ ಏಕಕಾಲಕ್ಕೆ ಇಷ್ಟೇ ಡೀಬಫ್ (ಶತ್ರುವಿಗೆ ಹತ್ತಿಸುವ ಕೆಡುಕಿನ ಎಫೆಕ್ಟ್) ಅಂತ ಮಿತಿ ಇತ್ತು: ಮೊದಲು 8, 2005ರಿಂದ 16. 2019ರಲ್ಲಿ ಬಂದ ಕ್ಲಾಸಿಕ್ ಆ 16ನ್ನೇ ಉಳಿಸಿಕೊಂಡಿತು. 40 ಜನ ಸೇರಿ ಬಡಿಯುವಾಗ 16 ಜಾಗ ಯಾತಕ್ಕೂ ಸಾಲದು. ನಿಮ್ಮ ಕತ್ತಿಯ ಚಿಲ್ಲರೆ ವಿಷ ಒಂದು ಜಾಗ ಹಿಡಿದು ಬೇರೆಯವರ ಮುಖ್ಯವಾದ ಡೀಬಫ್ ಅನ್ನು ಹೊರಗೆ ತಳ್ಳಿದರೆ ಇಡೀ ತಂಡದ ಹಾನಿ ಇಳಿಯುತ್ತೆ. ಅಂಥ ರೇಡ್‌ನಲ್ಲಿ ಲೀಡರ್ ಡೆಡ್ಲಿ ಪಾಯ್ಸನ್ ಹಚ್ಚಬೇಡ ಅಂದರೆ ಮುಖ ಊದಿಸಿಕೊಳ್ಳಬೇಡಿ. 2021ರ ಸೀಸನ್ ಆಫ್ ಮಾಸ್ಟರಿಯಲ್ಲಿ ಈ ಮಿತಿ ತೆಗೆದರು, ಹಾಗಾಗಿ ನೀವು ಯಾವ ಸರ್ವರ್‌ನಲ್ಲಿ ಇದ್ದೀರಿ ಅನ್ನೋದರ ಮೇಲೆ ಇದು ನಿಂತಿದೆ. ಹೋರ್ಡ್ ಬಣದ ಕಡೆ ಆಡುತ್ತಿದ್ದು ತಂಡದಲ್ಲಿ ಶಾಮನ್ ಇದ್ದರೆ ಇನ್ನೊಂದು ತಕರಾರು. ವಿಂಡ್‌ಫ್ಯೂರಿ ಟೋಟೆಮ್ ನಿಮ್ಮ ಮೇನ್ ಹ್ಯಾಂಡ್ ಆಯುಧಕ್ಕೆ ತಾತ್ಕಾಲಿಕ ಎನ್‌ಚಾಂಟ್ ಆಗಿ ಕೂರುತ್ತೆ. ಅದೇ ಜಾಗದಲ್ಲಿ ಆಗಲೇ ಪಾಯ್ಸನ್ ಹಚ್ಚಿದ್ದರೆ ಟೋಟೆಮ್‌ನ ಗಾಳಿ ನಿಮ್ಮನ್ನು ಮುಟ್ಟೋದೇ ಇಲ್ಲ. ಆಗ ಪಾಯ್ಸನ್ ಆಫ್ ಹ್ಯಾಂಡ್‌ಗೆ ಮಾತ್ರ, ಮೇನ್ ಹ್ಯಾಂಡ್ ಖಾಲಿ. ನೀವು ಸದ್ಯ ಹಾಗೆಯೇ ಇಟ್ಟಿದ್ದೀರಿ, ಅದನ್ನು ಕೆಡಿಸಬೇಡಿ.

ನೆಕ್ರೊಮ್ಯಾನ್ಸರ್ ಗೆಳೆಯನ ಸಮಸ್ಯೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಡಯಾಬ್ಲೊ 2ರಲ್ಲಿ ಅಸ್ಥಿಪಂಜರ ಎಬ್ಬಿಸಲೂ ಹೆಣ ಬೇಕು, ಕಾರ್ಪ್ಸ್ ಎಕ್ಸ್‌ಪ್ಲೋಷನ್‌ಗೂ ಹೆಣ ಬೇಕು. ಹೆಣವೇ ಅವನ ಬಂಡವಾಳ. ಆ ಆಟದಲ್ಲಿ ಶೀತದ ಹಾನಿಯಿಂದ ಹೆಪ್ಪುಗಟ್ಟಿದ ರಾಕ್ಷಸ ಸತ್ತರೆ ಮಂಜುಗಡ್ಡೆಯ ಹಾಗೆ ಚೂರುಚೂರಾಗಬಹುದು. ಚೂರಾದ ಮೇಲೆ ಹೆಣ ಎಲ್ಲಿಂದ ಬಂತು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನ ಆಯುಧದಲ್ಲಿ ಅಥವಾ ಉಂಗುರದಲ್ಲಿ ಕೋಲ್ಡ್ ಡ್ಯಾಮೇಜ್ ಇದೆಯೇ ನೋಡಲು ಹೇಳಿ. ಸತ್ತ ರಾಕ್ಷಸರು ಶಾಂತಿಯಿಂದ ಮಲಗುತ್ತಾರೆ ಎಂಬರ್ಥದ ಗುಣವಿರುವ ಆಯುಧಗಳೂ ಇವೆ, ಅವೂ ಹೆಣ ಉಳಿಸೋದಿಲ್ಲ, ಓದಲು ಮಾತ್ರ ಪುಣ್ಯದ ಕೆಲಸದ ಹಾಗೆ ಕಾಣುತ್ತೆ. ತನ್ನ ಆಯುಧದಲ್ಲಿ ಏನೂ ಇಲ್ಲದಿದ್ದರೆ ಜೊತೆಗಾರರನ್ನು ನೋಡಬೇಕು. ಒಂದೇ ಆಟಕ್ಕೆ 8 ಜನ ಸೇರಬಹುದು, ಅದರಲ್ಲಿ ಒಬ್ಬಳು ಹಿಮದ ಸಾರ್ಸರೆಸ್ ಇದ್ದರೂ ಸಾಕು. ಹೆಣದಿಂದ ವಸ್ತು ಹುಡುಕುವ ಬಾರ್ಬೇರಿಯನ್‌ನ ಫೈಂಡ್ ಐಟಮ್ ಕೌಶಲಕ್ಕೂ ಇದೇ ಗ್ರಹಚಾರ.

ನೀವು ಕೇಳಿಲ್ಲ, ಆದರೆ ಫೋನಿನಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಆಡುವ ಓದುಗರು ಬಹಳ ಇದ್ದಾರೆ, ಅವರಿಗಾಗಿ ಒಂದೆರಡು ಮಾತು. ಅಲ್ಲಿ ಜಗಳ ಸಮಯದ್ದಲ್ಲ, ಹಾನಿಯ ಜಾತಿಯದ್ದು. ಬೆನೆಟ್ ಅನ್ನುವ ಪಾತ್ರದ ಆರನೇ ಕಾನ್‌ಸ್ಟೆಲೇಶನ್ (ಬಲ ಹೆಚ್ಚಿಸುವ ಮೆಟ್ಟಿಲು) ತೆರೆದರೆ ಅವನ ದೊಡ್ಡ ಕೌಶಲ ಬರ್ಸ್ಟ್‌ನ ವೃತ್ತದೊಳಗೆ ನಿಂತ ಸ್ವೋರ್ಡ್, ಕ್ಲೇಮೋರ್, ಪೋಲ್‌ಆರ್ಮ್‌ನವರ ಆಯುಧಕ್ಕೆ ಬೆಂಕಿ ಹತ್ತುತ್ತೆ, ಜೊತೆಗೆ 15 ಶೇಕಡಾ ಪೈರೋ (ಬೆಂಕಿ) ಬೋನಸ್. ಕೇಳಲು ವರ. ಆದರೆ ಯೂಲಾ ಅಥವಾ ರೇಜರ್‌ನನ್ನು ಫಿಸಿಕಲ್ ಹಾನಿಗೆಂದು ಬೆಳೆಸಿದವನಿಗೆ ಶಾಪ: ಏಟೆಲ್ಲ ಪೈರೋ ಆಗಿಬಿಟ್ಟರೆ ಕಷ್ಟಪಟ್ಟು ಕೂಡಿಸಿದ ಫಿಸಿಕಲ್ ಬೋನಸ್ ಯಾವ ಲೆಕ್ಕಕ್ಕೂ ಬರೋದಿಲ್ಲ. ಕಾನ್‌ಸ್ಟೆಲೇಶನ್ ತೆರೆದ ಮೇಲೆ ಮುಚ್ಚಲು ಬರೋದಿಲ್ಲ, ಅದಕ್ಕೇ ಐದಕ್ಕೆ ನಿಲ್ಲಿಸಿದವರು ಎಷ್ಟೋ ಜನ. ನೀರು, ಹಿಮ ಸೇರಿಸಿ ಶತ್ರುವನ್ನು ಫ್ರೀಜ್ ಮಾಡುವ ತಂಡದಲ್ಲಿ ಕ್ಲೇಮೋರ್ ಹಿಡಿದವನನ್ನು ಬಿಟ್ಟರೂ ಕೆಲಸ ಕೆಡುತ್ತೆ, ಆ ಭಾರದ ಏಟಿಗೆ ಹಿಮ ಒಡೆದು ಶತ್ರು ಬಿಡುಗಡೆ. ಪಾತ್ ಆಫ್ ಎಕ್ಸೈಲ್‌ನಲ್ಲಿ ಇದೇ ಜಗಳದ ಕಡುರೂಪ ಇದೆ. ಆ ಆಟದಲ್ಲಿ ಅವತಾರ್ ಆಫ್ ಫೈರ್ ಅನ್ನುವ ಗುಣ ತೆಗೆದುಕೊಂಡರೆ ಬೆಂಕಿಯಲ್ಲದ ಯಾವ ಹಾನಿಯೂ ನಿಮ್ಮಿಂದ ಆಗೋದಿಲ್ಲ. ಆಯುಧದ ಹಿಮ, ಮಿಂಚಿನಲ್ಲಿ ಬೆಂಕಿಯಾಗಿ ಬದಲಾಗದೆ ಉಳಿದದ್ದೆಲ್ಲ ಸೊನ್ನೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಕತ್ತಿ ಕೊಂಡು ಕೆಟ್ಟೆನಾ ಅಂತ. ಒಮ್ಮೆ ಕೈಗೆ ತೊಟ್ಟ ಮೇಲೆ ಅದು ನಿಮ್ಮ ಪಾತ್ರಕ್ಕೆ ಅಂಟಿದೆ, ಆಕ್ಷನ್ ಹೌಸ್‌ಗೆ ವಾಪಸ್ ಹಾಕಲು ಬರೋದಿಲ್ಲ. ಅಂಗಡಿಯವನಿಗೆ ಮಾರಿದರೆ ಚಿಲ್ಲರೆ ಸಿಗುತ್ತೆ. ನನ್ನನ್ನು ಕೇಳಿದರೆ ಇಟ್ಟುಕೊಳ್ಳಿ. ಒಬ್ಬರೇ ಪ್ರಾಣಿಗಳನ್ನು ಕೊಂದು ಲೆವೆಲ್ ಏರಿಸುವಾಗ, ಗೌಜ್, ಬ್ಲೈಂಡ್ ಎರಡೂ ಹತ್ತದ ಡಂಜನ್ ಬಾಸ್‌ಗಳ ಎದುರು, ಸುಮ್ಮನೆ ನಿಂತು ಬಡಿಯುವ ಕಡೆಯೆಲ್ಲ ಅದು ಒಳ್ಳೆಯ ಕತ್ತಿಯೇ. ಆದರೆ ಡಂಜನ್‌ನಲ್ಲಿ ಮೇಜ್ (ಮಾಂತ್ರಿಕ) ಒಬ್ಬನು ಶತ್ರುವನ್ನು ಕುರಿ ಮಾಡಿ ಪಕ್ಕಕ್ಕೆ ನಿಲ್ಲಿಸಿದ್ದರೆ ಅದರ ಹತ್ತಿರ ಹೋಗಬೇಡಿ, ಬ್ಲೇಡ್ ಫ್ಲರಿ ಅಂತೂ ಒತ್ತಲೇಬೇಡಿ. ಪಕ್ಕದವನಿಗೂ ಏಟು ಹಾರಿ, ಕತ್ತಿಯ ವಿಷವೂ ಹತ್ತಿ, ಕುರಿ ಮತ್ತೆ ಮತ್ತೆ ಎಚ್ಚರವಾಗುತ್ತೆ. ಬೈಗುಳ ತಿನ್ನುವವರು ನೀವು.

ಆಟಗಾರರ ಎದುರು ಹೋಗುವಾಗ ಬೇರೆ ಜೋಡಿ ಬೇಕು: ಮೇನ್ ಹ್ಯಾಂಡ್‌ಗೆ ಎಫೆಕ್ಟ್ ಇಲ್ಲದ, ನಿಧಾನ ಬೀಸುವ, ದೊಡ್ಡ ಏಟಿನ ಸಾದಾ ಕತ್ತಿ, ಯಾಕೆಂದರೆ ಸಿನಿಸ್ಟರ್ ಸ್ಟ್ರೈಕ್‌ಗೆ ಬೇಕಾದ್ದು ಆಯುಧದ ಒಂದೊಂದು ಏಟಿನ ಭಾರ. ಆಫ್ ಹ್ಯಾಂಡ್‌ಗೆ ವೇಗದ ಆಯುಧ, ಅದಕ್ಕೆ ಕ್ರಿಪ್ಲಿಂಗ್. ಎರಡು ಜೋಡಿಗೂ ಒಂದೊಂದು ಮ್ಯಾಕ್ರೊ ಮಾಡಿಟ್ಟುಕೊಳ್ಳಿ. ಸ್ಲ್ಯಾಷ್ ಈಕ್ವಿಪ್‌ಸ್ಲಾಟ್ ಅಂತ ಬರೆದು, ಮೇನ್ ಹ್ಯಾಂಡ್‌ಗೆ 16, ಆಫ್ ಹ್ಯಾಂಡ್‌ಗೆ 17, ಮುಂದೆ ಆಯುಧದ ಹೆಸರು. ಕಾಳಗದ ನಡುವೆ ಕವಚ ಬದಲಿಸಲು ಬಿಡೋದಿಲ್ಲ, ಆಯುಧ ಬದಲಿಸಲು ಬಿಡುತ್ತೆ. ಬದಲಿಸಿದ ಮೇಲೆ ಸ್ವಲ್ಪ ಹೊತ್ತು ಬೇರೆ ಬಟನ್ ಕೆಲಸ ಮಾಡದು, ಅದನ್ನು ಲೆಕ್ಕದಲ್ಲಿಡಿ. ಕತ್ತಿ ಬದಲಿಸಿದ ಮಾತ್ರಕ್ಕೆ ಎದುರಾಳಿಯ ಮೈಯೊಳಗಿನ ವಿಷ ಆರೋದಿಲ್ಲ, ಅದು ತನ್ನ 12 ಸೆಕೆಂಡು ಮುಗಿಸಿಯೇ ಹೋಗೋದು. ಬ್ಲೈಂಡ್ ಹಾಕಬೇಕೆಂದರೆ ಅವನ ಚಿತ್ರದ ಪಕ್ಕದಲ್ಲಿ ಡೆಡ್ಲಿ ಪಾಯ್ಸನ್‌ನ ಹಸಿರು ಚೌಕ ಮಾಯವಾಗುವವರೆಗೆ ಕಾಯಿರಿ.